ನಲವತ್ತೆಂಟು ವೋಲ್ಟಿನ ಪೆಟ್ಟಿಗೆ

ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲವೆಂಬುದು ಪ್ರೌಢಶಾಲೆಯ ವಿಜ್ಞಾನದ ಪಾಠದಲ್ಲಿಯೇ ಬರುವ ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಬೆರೆತು ಕಿಡಿಗಾಗಿ ಕಾದು ನಿಲ್ಲುತ್ತವೆ. ಡೀಸೆಲ್ಲಿನಲ್ಲಾದರೋ ಬರಿಯ ಗಾಳಿಯೊಂದೇ ಮೊದಲು ಒಳಬರುತ್ತದೆ. ಪಿಸ್ಟನ್ನು ಅದನ್ನು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಅದುಮಿದ ಗಾಳಿ ತಾನೇ ಕಾಯುತ್ತದೆ. ಆ ಕಾವಿನೊಳಕ್ಕೆ ಎಣ್ಣೆ ಮಂಜಿನಂತೆ ಚಿಮ್ಮಿದೊಡನೆ ಹೊತ್ತಿಕೊಳ್ಳುತ್ತದೆ. ಹೀಗಿರುವಾಗ ಇಡೀ ಯಂತ್ರದ ಯೋಗಕ್ಷೇಮ ನಿಂತಿರುವುದು ಎರಡೇ ಪ್ರಶ್ನೆಗಳ ಮೇಲೆ: ಎಣ್ಣೆ ಯಾವ ಕ್ಷಣದಲ್ಲಿ ಒಳಹೋಗಬೇಕು, ಎಷ್ಟು ಹೋಗಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಕಥೆಯೇ ಡೀಸೆಲ್ ಎಂಜಿನ್ನಿನ ಚರಿತ್ರೆಯ ಮುಕ್ಕಾಲು ಪಾಲೆಂದರೆ ಅತಿಶಯೋಕ್ತಿಯಾಗಲಾರದು.

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಪರೀಕ್ಷೆಗೊಡ್ಡಿದಾಗ ಎಣ್ಣೆಯನ್ನು ಒಳಕ್ಕೆ ಊದುತ್ತಿದ್ದುದು ಸಂಪೀಡಿತ ಗಾಳಿ. ಗಾಳಿಯನ್ನು ಅದುಮಲು ಬೇರೊಂದು ಯಂತ್ರವೇ ಜೊತೆಗಿರಬೇಕಾಗಿದ್ದಿತು. ಅಷ್ಟು ಭಾರ ಹೊತ್ತ ಎಂಜಿನ್ನು ಕಾರ್ಖಾನೆಯ ನೆಲದ ಮೇಲೆ ಕೂಡಬಹುದಿತ್ತು, ಹಡಗನ್ನೇರಬಹುದಿತ್ತು. ರಸ್ತೆಯ ಮೇಲೆ ಓಡುವುದು ಸಾಧ್ಯವಿರಲಿಲ್ಲ. 1927ರ ಕೊನೆಗೆ ರಾಬರ್ಟ್ ಬಾಷ್ ಸಂಸ್ಥೆ ಇಂಧನದ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಲಾರಿಗೂ ಡೀಸೆಲ್ಲಿಗೂ ನಂಟು ಗಟ್ಟಿಯಾದುದು. ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ‘ಮೈಕೋ’, ಬಾಷ್ ಸಂಸ್ಥೆಯ ಸಹಯೋಗದಿಂದ ಇದೇ ಪಂಪುಗಳನ್ನೂ ನಾಜಲ್ಲುಗಳನ್ನೂ ಮಾಡುತ್ತ ಬಂದಿತು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತಾದರೂ, ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದೇ ಇದೆ.

ಆ ಹಳೆಯ ಪಂಪು ಪೂರ್ತಿಯಾಗಿ ಕಬ್ಬಿಣದ ಬುದ್ಧಿಯದು. ಎಂಜಿನ್ನು ತಿರುಗಿದಂತೆ ಅದೂ ತಿರುಗುತ್ತಿತ್ತು. ಅದರ ಉಬ್ಬುಗಳು ಸರತಿಯಂತೆ ಒಂದೊಂದು ಸಿಲಿಂಡರಿಗೂ ಎಣ್ಣೆಯನ್ನು ನೂಕುತ್ತಿದ್ದವು. ಕೆಟ್ಟರೆ ಅದರ ಕೇಡು ಕಿವಿಗೆ ಕೇಳಿಸುತ್ತಿತ್ತು, ಕೈಗೆ ತಾಗುತ್ತಿತ್ತು. ಹೊಗೆಯನ್ನು ಹತೋಟಿಯಲ್ಲಿಡಬೇಕೆಂದು ಸರ್ಕಾರಗಳು ಕಟ್ಟುಪಾಡು ವಿಧಿಸತೊಡಗಿದಾಗ ಇಂಥ ಸ್ಥೂಲವಾದ ಲೆಕ್ಕ ಸಾಲದೆ ಹೋಯಿತು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಡಿಗ್ರಿಯಷ್ಟು ಹೊರಳಲು ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹದಿನೆಂಟು ಸಾವಿರದ ಒಂದು ಭಾಗ. ಅಷ್ಟು ಸೂಕ್ಷ್ಮವಾಗಿ ಬಾಗಿಲನ್ನು ತೆರೆದು ಮುಚ್ಚಲು ವಿದ್ಯುತ್ತನ್ನು ಕರೆಯಲೇಬೇಕಾಯಿತು.

ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಭಾರಿ ಪಿಕಪ್ ಟ್ರಕ್ಕುಗಳಿಗೆ ನೇವಿಸ್ಟಾರ್ ಸಂಸ್ಥೆ ಒದಗಿಸಿದ ಪವರ್ ಸ್ಟ್ರೋಕ್ ಎಂಬ ಎಂಜಿನ್ನುಗಳು ಈ ಬದಲಾವಣೆಯ ಒಳ್ಳೆಯ ನಿದರ್ಶನಗಳು. 1994ರಲ್ಲಿ ಬಂದದ್ದು 7.3 ಲೀಟರಿನದು; 2003ರ ಮಾದರಿಯಿಂದ ಅದರ ಜಾಗಕ್ಕೆ ಬಂದದ್ದು 6.0 ಲೀಟರಿನದು. ಎರಡರಲ್ಲಿಯೂ ಇಂಧನವನ್ನು ಅದುಮುವ ಬಲ ಬರುತ್ತಿದ್ದುದು ಎಂಜಿನ್ನಿನ ಕೀಲೆಣ್ಣೆಯಿಂದ. ಇದು ಸೋಜಿಗವೆನಿಸಿದರೂ ನಿಜ. ಕೀಲೆಣ್ಣೆಯನ್ನು ಒಂದು ಪಂಪು ವಾಯುಭಾರದ ಇನ್ನೂರು ಇನ್ನೂರೈವತ್ತು ಪಟ್ಟಿನವರೆಗೆ ಒತ್ತಿ ಪ್ರತಿಯೊಂದು ಇಂಜೆಕ್ಟರಿನ ತಲೆಯ ಮೇಲೆ ತಂದು ನಿಲ್ಲಿಸುತ್ತದೆ. ಇಂಜೆಕ್ಟರಿನೊಳಗೆ ಒಂದು ಸಣ್ಣ ಕವಾಟ ಸರಿದೊಡನೆ ಆ ಎಣ್ಣೆ ಅಗಲವಾದ ಪಿಸ್ಟನ್ನೊಂದನ್ನು ಕೆಳಕ್ಕೆ ನೂಕುತ್ತದೆ; ಅದರ ಕೆಳಗಿರುವ ಕಿರಿದಾದ ದಂಡವು ಡೀಸೆಲ್ಲನ್ನು ಸುಮಾರು ಏಳು ಪಟ್ಟು ಹೆಚ್ಚಿನ ಒತ್ತಡದಿಂದ ಸಿಲಿಂಡರಿಗೆ ಚಿಮ್ಮಿಸುತ್ತದೆ. ಅಗಲವಾದುದರ ಮೇಲಿನ ಒತ್ತಡ ಕಿರಿದಾದುದರ ಕೆಳಗೆ ಇಮ್ಮಡಿ ಮುಮ್ಮಡಿಯಾಗುವ ಪಾಸ್ಕಲನ ತತ್ತ್ವವನ್ನು ಬಲ್ಲ ವಿದ್ಯಾರ್ಥಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ಕಷ್ಟವಿರುವುದು ಆ ಸಣ್ಣ ಕವಾಟದಲ್ಲಿ. 6.0 ಲೀಟರಿನ ಎಂಜಿನ್ನಿನಲ್ಲಿ ಅದನ್ನು ಅತ್ತಿತ್ತ ಸರಿಸಲು ಎರಡು ತಾಮ್ರದ ಸುರುಳಿಗಳಿವೆ. ಒಂದು ತೆರೆಯುವುದಕ್ಕೆ, ಇನ್ನೊಂದು ಮುಚ್ಚುವುದಕ್ಕೆ. ಸುರುಳಿಗೆ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕವಾಟವನ್ನು ತನ್ನೆಡೆಗೆ ಸೆಳೆಯುತ್ತದೆ. ಎಂಟು ಸಿಲಿಂಡರುಗಳು, ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ಇನ್ನೂರು ಸಲ ಈ ಕೆಲಸ ನಡೆಯಬೇಕು. ಬ್ಯಾಟರಿಯ 12 ವೋಲ್ಟು ಇಷ್ಟು ಚುರುಕಾಗಿ ಸುರುಳಿಯನ್ನು ಎಬ್ಬಿಸಲಾರದು. ಅದಕ್ಕಾಗಿ ಎಂಜಿನ್ನಿನ ಮೇಲೆ, ಚಾಲಕನ ಬದಿಯ ಕವಾಟದ ಹೊದಿಕೆಯ ನೆತ್ತಿಯಲ್ಲಿ, ಒಂದು ಲೋಹದ ಪೆಟ್ಟಿಗೆಯನ್ನು ಕೂಡಿಸಿದ್ದಾರೆ. ಇಂಜೆಕ್ಟರುಗಳ ನಿಯಂತ್ರಣಕ್ಕೆಂದೇ ಇರುವ ಈ ಪೆಟ್ಟಿಗೆಯನ್ನು ಅಲ್ಲಿಯ ಮೆಕ್ಯಾನಿಕರು ಮೊದಲಕ್ಷರಗಳನ್ನು ಕೂಡಿಸಿ ‘ಫಿಕಮ್’ ಎಂದು ಕರೆಯುತ್ತಾರೆ. ಅದರ ಒಂದು ಅರ್ಧ ಬುದ್ಧಿಯದು: ಎಂಜಿನ್ನಿನ ಗಣಕದಿಂದ ಬಂದ ಆಜ್ಞೆಯನ್ನು ಓದಿ ಯಾವ ಸುರುಳಿಗೆ ಯಾವಾಗ ಎಂಬುದನ್ನು ನಿರ್ಧರಿಸುತ್ತದೆ. ಇನ್ನೊಂದು ಅರ್ಧ ಬಲದ್ದು: 12 ವೋಲ್ಟನ್ನು 48ಕ್ಕೆ ಏರಿಸಿ ಧಾರಕಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಕರೆ ಬಂದಾಗ ಸುಮಾರು 20 ಆಂಪಿಯರ್ ಪ್ರವಾಹವನ್ನು ಸುರುಳಿಗೆ ಸುರಿಯುತ್ತದೆ. ನಲವತ್ತೆಂಟನ್ನು ಇಪ್ಪತ್ತರಿಂದ ಗುಣಿಸಿದರೆ 960 ವಾಟ್. ಬಟ್ಟೆಗೆ ಇಸ್ತ್ರಿ ಹಾಕುವ ಪೆಟ್ಟಿಗೆಯ ಬಲವನ್ನು ಕಣ್ಣೆವೆ ಇಕ್ಕುವುದರೊಳಗೆ ಕೊಟ್ಟು ಮತ್ತೆ ಕೈಯೆಳೆದುಕೊಂಡಂತೆ.

ಹಳೆಯ 7.3 ಲೀಟರಿನ ಎಂಜಿನ್ನಿನಲ್ಲಿ ಇದೇ ಕೆಲಸದ ಪೆಟ್ಟಿಗೆ ಸುಮಾರು 110 ವೋಲ್ಟನ್ನು ಬಳಸುತ್ತಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಹೊಸತರಲ್ಲಿ ಅದು ಅರ್ಧಕ್ಕೂ ಕೆಳಗಿಳಿಯಿತು. ಆದರೂ ಹೊಸ ಇಂಜೆಕ್ಟರು ಹಳೆಯದಕ್ಕಿಂತ ಚುರುಕು. ಕವಾಟದ ರಚನೆ ಬದಲಾದುದರಿಂದ ಬೇಕಾದ ವೋಲ್ಟು ಬದಲಾಯಿತೇ ಹೊರತು, ಹೆಚ್ಚು ವೋಲ್ಟಿದ್ದದ್ದು ಹೆಚ್ಚಿನದೆಂದು ತಿಳಿಯಲು ಇಲ್ಲಿ ಆಧಾರವಿಲ್ಲ. ಮುಂದೆ 58ರ ಮಾತು ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಈಗ ಪೆಟ್ಟಿಗೆ ಸಾಯುವ ಬಗೆ. ಬ್ಯಾಟರಿ ಗಟ್ಟಿಯಾಗಿ 12 ವೋಲ್ಟು ಕೊಡುತ್ತಿರುವಾಗ ಪೆಟ್ಟಿಗೆಯ ಕೆಲಸ ನಿರಾಯಾಸ. ಚಳಿಗೆ ಬ್ಯಾಟರಿ ಕುಗ್ಗಿ, ಸ್ಟಾರ್ಟರ್ ಮೋಟಾರು ಎಳೆಯುವ ಹೊತ್ತಿಗೆ ಅದು 9 ವೋಲ್ಟಿಗೆ ಇಳಿದರೆ, ಹೊರಗೆ ಕೊಡಬೇಕಾದ ಬಲವೇನೂ ಕಡಿಮೆಯಾಗುವುದಿಲ್ಲ. ಅದೇ ಬಲವನ್ನು ಒದಗಿಸಲು ಪೆಟ್ಟಿಗೆ ಮೂರರಲ್ಲಿ ಒಂದು ಪಾಲು ಹೆಚ್ಚು ಪ್ರವಾಹವನ್ನು ಸೆಳೆಯಬೇಕಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಮೂರಕ್ಕೆ ನಾಲ್ಕು ಪ್ರವಾಹವಾದಾಗ ಒಂಬತ್ತಕ್ಕೆ ಹದಿನಾರು ಶಾಖ. ಎಂದರೆ ಬ್ಯಾಟರಿ ಕಾಲುಭಾಗ ಸೋತರೆ ಪೆಟ್ಟಿಗೆಯೊಳಗಿನ ಕಾವು ಹೆಚ್ಚುಕಡಿಮೆ ಇಮ್ಮಡಿ. ಅದು ದೂರು ಹೇಳುವುದಿಲ್ಲ. ಸಾಕಾಗುವಷ್ಟು ದಿನ 48ನ್ನು ಕೊಡುತ್ತಲೇ ಇರುತ್ತದೆ. ಜೊತೆಗೆ ಅದು ಕೂತಿರುವುದು ಕಾದ ಎಂಜಿನ್ನಿನ ಮೇಲೆ, ಅದರ ನಡುಕದೊಳಗೆ. ಕಾದು ಹಿಗ್ಗಿ, ಆರಿ ಕುಗ್ಗಿ, ಸದಾ ಅದುರಿ, ಫಲಕದ ಮೇಲಿನ ಬೆಸುಗೆಗಳು ಕೂದಲೆಳೆಯಷ್ಟು ಬಿರಿಯುತ್ತವೆ. ಬಿರಿದ ಬೆಸುಗೆಯಲ್ಲಿ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದಲ್ಲಿ ಇನ್ನಷ್ಟು ಶಾಖ. ಕೊನೆಗೊಂದು ಬೆಳಗ್ಗೆ 48 ಇದ್ದದ್ದು 40 ಆಗಿರುತ್ತದೆ. ಎಂಜಿನ್ನಿನ ಮೇಲೆ ಹೀಗೆ ಕೂಡಿಸಿದ್ದು ಜಾಣತನವೇ ಎಂದು ಯಾರಾದರೂ ಕೇಳಿದರೆ ಸಮಾಧಾನಕರವಾದ ಉತ್ತರ ಸಿಗುವುದು ಕಷ್ಟ.

6.0 ಲೀಟರಿನ ಆ ಎಂಜಿನ್ನಿಗೆ ಬೇರೆ ರೋಗಗಳೂ ಇದ್ದವು. ಸಿಲಿಂಡರ್ ತಲೆಯ ಗ್ಯಾಸ್ಕೆಟ್ಟು, ಎಣ್ಣೆಯ ಶೈತ್ಯಕ, ಹೊಗೆಯನ್ನು ಮರಳಿ ತಿರುಗಿಸುವ ಭಾಗದ ಶೈತ್ಯಕ ಹೀಗೆ. ಖಾತರಿಯ ಅವಧಿಯಲ್ಲಿನ ದುರಸ್ತಿ ವೆಚ್ಚವನ್ನು ಯಾರು ಭರಿಸಬೇಕೆಂಬ ವಿವಾದದಲ್ಲಿ ಫೋರ್ಡ್ ಕಂಪನಿ 2007ರಲ್ಲಿ ನೇವಿಸ್ಟಾರ್ ಮೇಲೆ ನ್ಯಾಯಾಲಯಕ್ಕೆ ಹೋಯಿತು; 2009ರಲ್ಲಿ ರಾಜಿಯಾಯಿತು. 2008ರ ಮಾದರಿಗೆ ಈ ಟ್ರಕ್ಕುಗಳಲ್ಲಿ ಎಂಜಿನ್ನೇ ಬದಲಾಗಿ, ಕೀಲೆಣ್ಣೆಯ ಬಲದಿಂದ ಚಿಮ್ಮಿಸುವ ಪದ್ಧತಿಯೂ ಹೋಯಿತು. ದೊಡ್ಡವರ ವ್ಯಾಜ್ಯ ಮುಗಿಯಿತು. ಅವರು ಮಾರಿದ ಟ್ರಕ್ಕುಗಳು ಮಾತ್ರ ಮುಗಿಯಲಿಲ್ಲ. ಎರಡನೆಯ ಕೈ, ಮೂರನೆಯ ಕೈ ದಾಟಿ, ಹೊಸದನ್ನು ಕೊಳ್ಳಲಾರದವರ ಅಂಗಳಗಳಲ್ಲಿ ಅವು ಇಂದಿಗೂ ದುಡಿಯುತ್ತಿವೆ.

ಅಂಥ ಒಡೆಯನೊಬ್ಬನನ್ನು ಕಣ್ಣ ಮುಂದೆ ನಿಲ್ಲಿಸಿಕೊಳ್ಳುವುದು ಕಷ್ಟವಲ್ಲ. ಮಿನ್ನೆಸೋಟದಂಥ ಶೀತಪ್ರಾಂತ, ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಮುಂಜಾವು. ಆತನದು 2005ರ ಮಾದರಿಯ ಟ್ರಕ್ಕು. ಹಿಂದೆ ಗಾಡಿ ಕಟ್ಟಿಕೊಂಡು ಹುಲ್ಲು, ದನ, ಯಂತ್ರಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ ಬದುಕುವವನು. ಟ್ರಕ್ಕು ಹೊರಡದ ದಿನ ಮನೆಗೆ ದುಡಿಮೆಯಿಲ್ಲ. ರಾತ್ರಿ ಎಂಜಿನ್ನಿನ ಶಾಖದ ಕಡ್ಡಿಗೆ ವಿದ್ಯುತ್ತು ಕೊಟ್ಟು ಮಲಗಿದರೂ ಬೆಳಗ್ಗೆ ಎಂಜಿನ್ನು ಏಳಲು ಹಟ ಮಾಡುತ್ತದೆ. ಎದ್ದರೆ ಕುಂಟುತ್ತದೆ, ಬಿಳಿಯ ಹೊಗೆ ಉಗುಳುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಏನೂ ಆಗದಿದ್ದಂತೆ ಸರಾಗವಾಗಿ ಓಡುತ್ತದೆ. ಬಿಸಿಲೇರಿದ ಮೇಲೆ ಮಾಯವಾಗುವ ಈ ರೋಗವೇ ಒಡೆಯನನ್ನು ಮೋಸಗೊಳಿಸುವುದು. ನಾಳೆ ನೋಡೋಣವೆಂದು ಆತ ಒಂದು ಚಳಿಗಾಲವನ್ನು ಕಳೆದುಬಿಡುತ್ತಾನೆ.

ಎರಡನೆಯ ಚಳಿಗಾಲಕ್ಕೆ ಕೆಲಸಗಾರರಲ್ಲಿ ಕೇಳುತ್ತಾನೆ. ಮೊದಲನೆಯವನು ಇಂಜೆಕ್ಟರುಗಳು ಹೋಗಿವೆ, ಎಂಟನ್ನೂ ಬದಲಿಸು ಎನ್ನುತ್ತಾನೆ. ಟ್ರಕ್ಕಿನ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋದೀತು. ಹಾಗೆ ಎಂಟನ್ನೂ ಬದಲಿಸಿದ ಮೇಲೆಯೂ ಕುಂಟು ನಿಲ್ಲದೆ, ಕೊನೆಗೆ ದೋಷ ಪೆಟ್ಟಿಗೆಯದೆಂದು ತಿಳಿದು ತಲೆ ಚಚ್ಚಿಕೊಂಡವರು ಆ ದೇಶದಲ್ಲಿ ಒಬ್ಬಿಬ್ಬರಲ್ಲ. ಎರಡನೆಯವನು ಹೇಳುವುದು ಬೇರೆ: ಪೆಟ್ಟಿಗೆಯನ್ನು ತೆಗೆದು 58 ವೋಲ್ಟಿನದನ್ನು ಹಾಕಿಸು, ಚಳಿಯೂ ಇಲ್ಲ, ಕುಂಟೂ ಇಲ್ಲ, ಮೇಲಾಗಿ ಎಂಜಿನ್ನು ಹುಲಿಯಾಗುತ್ತದೆ. ಒಡೆಯನ ಕೈಯಲ್ಲಿದ್ದ ಹಣ ಒಂದೇ ಒಂದು ಖರ್ಚಿಗೆ ಸಾಕು. ಹುಲಿಯ ಮಾತು ಯಾರಿಗೆ ತಾನೇ ಹಿತವಾಗುವುದಿಲ್ಲ!

58 ವೋಲ್ಟಿನ ಗುಣವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಸುರುಳಿಯಲ್ಲಿ ಪ್ರವಾಹ ಏರುವ ವೇಗ ಅದಕ್ಕೆ ಕೊಟ್ಟ ವೋಲ್ಟಿಗೆ ಅನುಗುಣವಾಗಿರುತ್ತದೆಂಬುದು ಭೌತಶಾಸ್ತ್ರದ ಗಟ್ಟಿಯಾದ ನಿಯಮ. 48ರಲ್ಲಿ ನೂರು ಎಣಿಸುವಷ್ಟರಲ್ಲಿ ತಲುಪುತ್ತಿದ್ದ ಪ್ರವಾಹವನ್ನು 58ರಲ್ಲಿ ಎಂಬತ್ತಮೂರಕ್ಕೇ ತಲುಪಬಹುದು. ಕವಾಟ ಅಷ್ಟು ಬೇಗ ಎಚ್ಚರಗೊಳ್ಳುತ್ತದೆ. ಚಳಿಯಲ್ಲಿ ಎಣ್ಣೆ ದಪ್ಪಗಾಗಿ ಕವಾಟವನ್ನು ಅಂಟಿ ಹಿಡಿದಾಗ ಈ ಹೆಚ್ಚಿನ ಎಳೆತ ಅದನ್ನು ಬಿಡಿಸುತ್ತದೆ. ಕಾಲೂರಿದೊಡನೆ ಎಂಜಿನ್ನು ಓಗೊಡುತ್ತದೆಂದು ಹಾಕಿಸಿಕೊಂಡವರು ಹೇಳುತ್ತಾರೆ. ಆ ಮಾತನ್ನು ನಂಬಬಹುದು. ಆದರೆ ವೋಲ್ಟು ಏರಿದ ಮಾತ್ರಕ್ಕೆ ಕುದುರೆಶಕ್ತಿ ಏರುವುದಿಲ್ಲ. ಸಿಲಿಂಡರಿಗೆ ಬೀಳುವ ಎಣ್ಣೆ ಎಷ್ಟೆಂಬುದನ್ನು ನಿರ್ಧರಿಸುವುದು ಗಣಕದ ಆಜ್ಞೆ, ಕೀಲೆಣ್ಣೆಯ ಒತ್ತಡ, ಇಂಜೆಕ್ಟರಿನ ತೂತು. ಬಾಗಿಲನ್ನು ತೆರೆಯುವ ಕೈ ಬಲವಾದುದರಿಂದ ಒಳಗೆ ಬರುವ ನೆಂಟರ ಸಂಖ್ಯೆ ಹೆಚ್ಚುವುದಿಲ್ಲ.

ಶಕ್ತಿ ಹೆಚ್ಚಿತೆಂದು ಕೆಲವರಿಗೆ ಅನುಭವವಾಗುವುದಕ್ಕೆ ಬೇರೊಂದು ಕಾರಣವಿದೆ. 58ರ ಪೆಟ್ಟಿಗೆಯನ್ನು ಮಾರುವ ಕಾರ್ಯಾಗಾರಗಳಲ್ಲಿ ಹಲವು ಅದರ ಬುದ್ಧಿಯ ಅರ್ಧಕ್ಕೂ ಹೊಸ ಲೆಕ್ಕಗಳನ್ನು ತುಂಬಿ ಕಳಿಸುತ್ತವೆ. ಎಣ್ಣೆ ಚಿಮ್ಮುವ ಕ್ಷಣವನ್ನು ತುಸು ಮುಂದಕ್ಕೆ ತಂದು, ಅವಧಿಯನ್ನು ತುಸು ಹಿಗ್ಗಿಸುವ ಲೆಕ್ಕಗಳು ಅವು. ಅಲ್ಲಿ ಶಕ್ತಿ ನಿಜವಾಗಿಯೂ ಹೆಚ್ಚುತ್ತದೆ. ಸಿಲಿಂಡರಿನೊಳಗಿನ ಒತ್ತಡವೂ ಹೆಚ್ಚುತ್ತದೆ. ತಲೆಯ ಗ್ಯಾಸ್ಕೆಟ್ಟು ಮೊದಲೇ ದುರ್ಬಲವೆಂದು ಹೆಸರಾದ ಎಂಜಿನ್ನಿಗೆ ಇಂಥ ಉಪಕಾರ ಎಷ್ಟರ ಮಟ್ಟಿಗೆ ಬೇಕೆಂಬುದನ್ನು ಒಡೆಯನೇ ಯೋಚಿಸಬೇಕು. ಮೂಲ ಲೆಕ್ಕಗಳೆಲ್ಲವೂ 48 ವೋಲ್ಟನ್ನು ನಂಬಿ ಬರೆದವು ಎಂಬುದನ್ನೂ ಮರೆಯಲಾಗದು.

ಇನ್ನು ಅಪಾಯದ ವಿಚಾರ. ಈ ಬಗ್ಗೆ ಅಲ್ಲಿಯ ಕೆಲಸಗಾರರಲ್ಲಿಯೇ ಎರಡು ಪಂಗಡಗಳು. ಹೆಚ್ಚಿದ ವೋಲ್ಟು ಸುರುಳಿಗಳನ್ನು ಬೇಗ ಸುಟ್ಟೀತೆಂದು ಒಂದು ಪಂಗಡ. ಪ್ರವಾಹಕ್ಕೆ ಪೆಟ್ಟಿಗೆಯೇ ಮಿತಿ ಹಾಕುವುದರಿಂದ ಭಯವಿಲ್ಲವೆಂದು ಇನ್ನೊಂದು. ಎರಡೂ ಕಡೆಯವರು ತಮ್ಮ ತಮ್ಮ ಟ್ರಕ್ಕುಗಳು ಓಡಿದ ಮೈಲಿಗಳನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಈ ಜಗಳದಲ್ಲಿ ಮುಖ್ಯವಾದುದೊಂದು ಬದಿಗೆ ಸರಿದಂತೆ ತೋರುತ್ತದೆ. 12ನ್ನು 48ಕ್ಕೆ ಏರಿಸುವುದೆಂದರೆ ನಾಲ್ಕು ಪಟ್ಟು. 58ಕ್ಕೆಂದರೆ ಸುಮಾರು ಐದು ಪಟ್ಟು. ಈ ಹೆಚ್ಚಳವನ್ನು ಕೇಳುತ್ತಿರುವುದು ಅದೇ ಮುದಿ ಬ್ಯಾಟರಿಗಳಿಂದ, ತುಕ್ಕು ಹಿಡಿದ ಅದೇ ತಂತಿಗಳ ಮೂಲಕ. ಮೊದಲ ಪೆಟ್ಟಿಗೆಯನ್ನು ಕೊಂದ ಕಾರಣ ಎರಡನೆಯದನ್ನು ಬಿಡುವುದೇಕೆ? ಒಳ್ಳೆಯ ಕಾರ್ಯಾಗಾರಗಳು ಇದನ್ನು ಬಲ್ಲವು. ಭಾರವನ್ನು ಹಲವು ಸಮಾನಾಂತರ ಘಟ್ಟಗಳಿಗೆ ಹಂಚುವ ಹೊಸ ಫಲಕಗಳನ್ನು ಅವು ರಚಿಸಿವೆ. ಹಾಗೂ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಮೊದಲು ಪರೀಕ್ಷಿಸಿಕೊಳ್ಳಿರೆಂದು ಕೊಳ್ಳುವವನಿಗೆ ಬುದ್ಧಿ ಹೇಳುತ್ತವೆ. ಹಳೆಯ ಫಲಕದಲ್ಲಿಯೇ ಬಿಡಿಭಾಗವೊಂದನ್ನು ಬದಲಿಸಿ 58 ಎಂದು ಚೀಟಿ ಅಂಟಿಸಿ ಮಾರುವವರೂ ಇಲ್ಲದಿಲ್ಲ.

ಅಂಟಿಕೊಂಡ ಕವಾಟದ ಮಾತೂ ಇಂಥದೇ. ಕೀಲೆಣ್ಣೆ ಹಳತಾದಂತೆ ಕಾವಿಗೆ ಕರಿಕಾಗಿ ಕವಾಟದ ಮೈಮೇಲೆ ತೆಳ್ಳನೆಯ ಅರಗಿನಂತೆ ಕೂಡುತ್ತದೆ. ಈ ಎಂಜಿನ್ನಿನಲ್ಲಿ ಕೀಲೆಣ್ಣೆ ಬರಿಯ ಜಾರಿಕೆಗಲ್ಲ, ಇಂಧನ ಚಿಮ್ಮುವುದಕ್ಕೂ ಅದೇ ಎಂಬುದನ್ನು ಒಡೆಯ ಮರೆತು ಎಣ್ಣೆ ಬದಲಿಸುವುದನ್ನು ಮುಂದೂಡಿದಾಗ ಹೀಗಾಗುವುದು. ಅದರ ಮೇಲೆ 58 ವೋಲ್ಟನ್ನು ಹಾಕಿದರೆ ಕವಾಟ ಸರಿಯುತ್ತದೆ, ನಿಜ. ಕಿವುಡನ ಮುಂದೆ ಗಂಟಲೇರಿಸಿ ಮಾತಾಡಿದರೂ ಕೆಲಸವಾಗುತ್ತದೆ. ಕಿವಿ ಗುಣವಾಯಿತೆಂದು ಅದರಿಂದ ತಿಳಿಯಲಾಗದು. ಇಂಧನದ ಒತ್ತಡವನ್ನು ಹೆಚ್ಚಿಸಲು ಒಂದು ನೀಲಿ ಬಣ್ಣದ ಸ್ಪ್ರಿಂಗನ್ನು ಹಾಕುವ ಸುಧಾರಣೆಯೊಂದು ಇದೇ ಎಂಜಿನ್ನಿಗೆ ಪ್ರಸಿದ್ಧವಾಗಿದೆ. ಅತಿ ಅಗ್ಗದ್ದು. ಇಂಜೆಕ್ಟರಿಗೆ ಅದರಿಂದಾಗುವ ಉಪಕಾರ ದೊಡ್ಡದು. ಅದರ ಬಗ್ಗೆ ಹುಲಿಯ ಮಾತನ್ನು ಯಾರೂ ಆಡುವುದಿಲ್ಲ.

ನಮ್ಮ ಒಡೆಯನ ಅದೃಷ್ಟಕ್ಕೆ, ಹಣವನ್ನು ಕೊಡುವ ಮುಂಚೆ ಮೀಟರು ಹಿಡಿ ಎಂದು ಹೇಳಿದ ಮೂರನೆಯವನೊಬ್ಬ ಸಿಕ್ಕನು. ಪೆಟ್ಟಿಗೆಯ ನೆತ್ತಿಯ ಸಣ್ಣ ಮುಚ್ಚಳವನ್ನು ಬಿಚ್ಚಿದರೆ ತಿರುಪುಗಳ ಒಂದು ಸಾಲು ಕಾಣುತ್ತದೆ. ಅವುಗಳಲ್ಲಿ ಗೊತ್ತಾದ ಒಂದರ ಮೇಲೆ ಮೀಟರಿನ ಕೆಂಪು ತುದಿಯನ್ನೂ ಬ್ಯಾಟರಿಯ ಋಣಧ್ರುವದ ಮೇಲೆ ಕಪ್ಪು ತುದಿಯನ್ನೂ ಇಟ್ಟರೆ ಒಳಗಿನ ವೋಲ್ಟು ತಿಳಿಯುತ್ತದೆ. ಅಳೆಯಬೇಕಾದ ಸಮಯ ಮೂರು: ಕೀಲಿ ತಿರುಗಿಸಿ ಎಂಜಿನ್ನು ಎಬ್ಬಿಸುವ ಮೊದಲು, ಸ್ಟಾರ್ಟರು ಎಳೆಯುತ್ತಿರುವಾಗ, ಎಂಜಿನ್ನು ಓಡುತ್ತಿರುವಾಗ. ಮೂರರಲ್ಲಿಯೂ 48ರ ಆಸುಪಾಸು ಇರಬೇಕು; 45ಕ್ಕಿಂತ ಇಳಿದರೆ ಪೆಟ್ಟಿಗೆ ಕೆಟ್ಟಿತೆಂದೇ ಲೆಕ್ಕ. ಅಳೆಯಬೇಕಾದುದು ತಣ್ಣಗಿರುವಾಗ. ಬಿಸಿಯಾದ ಮೇಲೆ ಬಿರಿದ ಬೆಸುಗೆಗಳು ಹಿಗ್ಗಿ ಮತ್ತೆ ಒಂದನ್ನೊಂದು ಮುಟ್ಟಿ, ಕೆಟ್ಟ ಪೆಟ್ಟಿಗೆಯೂ ಸತ್ಯವಂತನಂತೆ 48ನ್ನು ತೋರಿಸುವುದುಂಟು. ಮಧ್ಯಾಹ್ನದ ಹೊತ್ತು ಕಾರ್ಯಾಗಾರಕ್ಕೆ ಒಯ್ದವರಿಗೆ ರೋಗ ಸಿಗದಿರುವುದು ಇದೇ ಕಾರಣಕ್ಕೆ.

ಬೆಳಗಿನ ಆರು ಗಂಟೆಗೆ, ಕೈಗವಸು ಕಳಚಿ, ಆತ ಅಳೆದನು. ಕೀಲಿ ತಿರುಗಿಸಿದಾಗ 44. ಸ್ಟಾರ್ಟರು ಎಳೆಯುವಾಗ 37. ಅದೇ ಹೊತ್ತಿಗೆ ಬ್ಯಾಟರಿಗಳು 9 ವೋಲ್ಟಿನಲ್ಲಿದ್ದವು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಒಳ್ಳೆಯ ಬ್ಯಾಟರಿಯೂ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಈ ಟ್ರಕ್ಕಿನಲ್ಲಿ ಎರಡು ಬ್ಯಾಟರಿಗಳಿದ್ದು ಅವುಗಳಲ್ಲಿ ಒಂದು ಸತ್ತೇ ಹೋಗಿದ್ದಿತು. ಸತ್ತ ಬ್ಯಾಟರಿ ಬದುಕಿರುವ ಇನ್ನೊಂದನ್ನೂ ಎಳೆದು ಕೆಡವುತ್ತದೆ. ಧ್ರುವದ ಹಿಡಿಕೆಗಳ ಮೇಲೆ ಹಸಿರು ಕಿಲುಬು ಬೆಳೆದು ನಿಂತಿದ್ದಿತು. ಇಷ್ಟೂ ಕೊರತೆಗಳನ್ನು ಎರಡು ಚಳಿಗಾಲ ಯಾರಿಗೂ ತಿಳಿಯದಂತೆ ತುಂಬಿಕೊಟ್ಟುದು ಆ ಪೆಟ್ಟಿಗೆ.

ಮೊದಲು ಎರಡು ಹೊಸ ಬ್ಯಾಟರಿಗಳು ಬಂದವು. ಎರಡನ್ನೂ ಒಟ್ಟಿಗೆ ಬದಲಿಸಬೇಕೆಂಬುದು ನಿಯಮ. ಹಳತರೊಡನೆ ಹೊಸತನ್ನು ಜೋಡಿಸಿದರೆ ಹಳತು ಗೆಲ್ಲುತ್ತದೆ. ಹಿಡಿಕೆಗಳನ್ನು ಉಜ್ಜಿ ಬಿಗಿದದ್ದಾಯಿತು. ಮರುದಿನ ಸ್ಟಾರ್ಟರು ಎಳೆಯುವಾಗ ಬ್ಯಾಟರಿ 11ರಲ್ಲಿ ನಿಂತಿತು. ಪೆಟ್ಟಿಗೆ 42ಕ್ಕೆ ಏರಿತು, ಅದರಾಚೆ ಏರಲಿಲ್ಲ. ಒಳಗಿನ ಬೆಸುಗೆಗಳು ಬಿರಿದಾಗಿದ್ದವು. ಹೊಟ್ಟೆಗೆ ಹಾಕಿದ ಮಾತ್ರಕ್ಕೆ ಮುರಿದ ಮೂಳೆ ಕೂಡಿಕೊಳ್ಳದು.

ಪೆಟ್ಟಿಗೆಯನ್ನು ಇಳಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಎರಡೂ ಬ್ಯಾಟರಿಗಳ ತಂತಿ ಬಿಚ್ಚಬೇಕು, ಧಾರಕಗಳಲ್ಲಿ ನಿಂತ ವಿದ್ಯುತ್ತು ಬಸಿದುಹೋಗಲು ಬಿಡುವು ಕೊಡಬೇಕು. ಕೊಡದವನಿಗೆ ಬೆರಳು ಪಾಠ ಹೇಳುತ್ತದೆ. ಶೀತಕ ದ್ರವದ ಬಾಟಲಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಿದರೆ ಪೆಟ್ಟಿಗೆ ಕಾಣುತ್ತದೆ. ಮೂರು ಕೂಡುಕೊಂಡಿಗಳನ್ನು ಕಳಚಿ, ಬೋಲ್ಟುಗಳನ್ನು ತೆಗೆದರೆ ಅದು ಕೈಗೆ ಬರುತ್ತದೆ. ಬಲದ ಅರ್ಧವನ್ನು ಬುದ್ಧಿಯ ಅರ್ಧದಿಂದ ಬೇರ್ಪಡಿಸಬಹುದು. ಬುದ್ಧಿಯ ಅರ್ಧದಲ್ಲಿ ಆ ಟ್ರಕ್ಕಿಗೆ ಸಲ್ಲುವ ಲೆಕ್ಕಗಳಿರುವುದರಿಂದ ಅದನ್ನು ಉಳಿಸಿಕೊಳ್ಳುವುದೇ ಮೇಲು. ಧೈರ್ಯವಂತರು ತಾವೇ ಬೆಸುಗೆಯ ಕಡ್ಡಿ ಹಿಡಿದು ಬಿರುಕುಗಳನ್ನು ಕೂಡಿಸುತ್ತಾರೆ. ಚೆನ್ನಾಗಿ ಮಾಡಿದ್ದು ವರ್ಷಗಟ್ಟಲೆ ಬಾಳುತ್ತದೆ. ಅವಸರದಲ್ಲಿ ಮಾಡಿದ್ದು ಮುಂದಿನ ಹಿಮದವರೆಗೂ ಬಾಳುವುದಿಲ್ಲ.

ಆತ ಅದನ್ನು ಅಂಚೆಯಲ್ಲಿ ಒಂದು ಕಾರ್ಯಾಗಾರಕ್ಕೆ ಕಳಿಸಿದನು. ಅಲ್ಲಿಂದ ಕೇಳಿದ ಪ್ರಶ್ನೆ ನಿರೀಕ್ಷಿಸಿದ್ದೇ: 48 ಮಾಡಿ ಕಳಿಸುವುದೋ, 58 ಮಾಡುವುದೋ? ಉಳಿದ ಹಣಕ್ಕೆ ಎರಡೂ ದಕ್ಕುತ್ತಿದ್ದವು; ಬೆಲೆಯ ಅಂತರ ಹೆಚ್ಚಿರಲಿಲ್ಲ. ಆತ 48 ಎಂದನು. ಅಂತರದ ಹಣ ಕೀಲೆಣ್ಣೆಗೂ, ಎರಡು ಸೋಸುಗಗಳಿಗೂ, ನೀಲಿಯ ಸ್ಪ್ರಿಂಗಿಗೂ ಹೋಯಿತು. ಇದನ್ನು ಹೆದರಿಕೆಯೆಂದು ಕರೆಯುವವರಿರಬಹುದು. ಬ್ಯಾಟರಿ, ತಂತಿ, ಎಣ್ಣೆ, ಇಂಜೆಕ್ಟರು ಎಲ್ಲವೂ ಸುಸ್ಥಿತಿಯಲ್ಲಿದ್ದು, ಇಂಜೆಕ್ಟರುಗಳನ್ನೂ ಲೆಕ್ಕಗಳನ್ನೂ ಕೂಡಿಯೇ ಬದಲಿಸುವವನಿಗೆ 58 ಒಪ್ಪುವ ಸುಧಾರಣೆಯೇ. ಈತನಿಗೆ ಬೇಕಾಗಿದ್ದುದು ಬೆಳಗ್ಗೆ ಹೊರಡುವ ಟ್ರಕ್ಕು.

ಕರ್ನಾಟಕದ ಹೆದ್ದಾರಿಗಳಲ್ಲಿ ಓಡುವ ಲಾರಿಗಳಲ್ಲಿ ಇಂಥ ಪೆಟ್ಟಿಗೆಯಿಲ್ಲ. ಅವು ಕೀಲೆಣ್ಣೆಯ ಬಲವನ್ನು ಬಳಸುವ ಜಾತಿಯವಲ್ಲ. ಆದರೂ 2017ರಲ್ಲಿ ದೇಶದಾದ್ಯಂತ ಬಿ.ಎಸ್. ನಾಲ್ಕು, 2020ರ ಏಪ್ರಿಲಿನಿಂದ ಬಿ.ಎಸ್. ಆರು ಎಂಬ ಹೊಗೆಯ ನಿಯಮಗಳು ಬಂದ ಮೇಲೆ ಇಲ್ಲಿಯ ಹೊಸ ಲಾರಿಗಳಲ್ಲಿಯೂ ಇಂಜೆಕ್ಟರನ್ನು ತೆರೆಯುವುದು ವಿದ್ಯುತ್ತೇ, ಲೆಕ್ಕವಿಡುವುದು ಗಣಕವೇ. ಶಬ್ದ ಕೇಳಿಯೇ ಪಂಪಿನ ದೋಷವನ್ನು ಹೇಳಬಲ್ಲ ಹಳೆಯ ಮೇಸ್ತ್ರಿಗಳ ಕಿವಿಯ ಪಕ್ಕದಲ್ಲಿ ಈಗ ಮೀಟರೂ ಇರಬೇಕಾಗಿದೆ. ಐ.ಟಿ.ಐ. ಓದುವ ಹುಡುಗನಿಗೆ ಓಮನ ನಿಯಮವನ್ನು ಉರುಹೊಡೆಸುವ ಉಪಾಧ್ಯಾಯರು ಒಮ್ಮೆ ಲಾರಿಯ ಬ್ಯಾಟರಿಯ ಹತ್ತಿರಕ್ಕೆ ಕರೆದೊಯ್ದು, ಸ್ಟಾರ್ಟರು ಎಳೆಯುವಾಗ ಮುಳ್ಳು ಎಷ್ಟಕ್ಕೆ ಬೀಳುತ್ತದೆಂಬುದನ್ನು ತೋರಿಸಿದರೆ ಆ ಪಾಠ ಬೇರೆಯೇ ಆದೀತು.

ಮಿನ್ನೆಸೋಟದ ಟ್ರಕ್ಕಿನ ಪೆಟ್ಟಿಗೆ ಮರಳಿ ಬಂದು ತನ್ನ ಸ್ಥಾನದಲ್ಲಿ ಕುಳಿತ ಮೇಲೆ ಮೂರು ಹೊತ್ತಿನ ಅಳತೆಯೂ 48 ಎಂದಿತು. ಕುಂಟು ಪೂರ್ತಿ ಹೋಗಲಿಲ್ಲ. ಹಳೆಯ ಎಣ್ಣೆಯ ಅರಗು ಕರಗಲು ಇನ್ನೂ ಕೆಲವು ನೂರು ಮೈಲಿ ಬೇಕಾದವು. ಆತ ತಿಂಗಳಿಗೊಮ್ಮೆ ಅಳೆದು, ಎರಡೆರಡು ಸಂಖ್ಯೆಗಳನ್ನು ಎಣ್ಣೆ ಬದಲಿಸಿದ ತಾರೀಖುಗಳ ಪಕ್ಕದಲ್ಲಿ ಬರೆದಿಡತೊಡಗಿದನು: ಒಂದು ಪೆಟ್ಟಿಗೆಯದು, ಒಂದು ಬ್ಯಾಟರಿಯದು. ಮರುವರ್ಷದ ನವೆಂಬರಿನಲ್ಲಿ ಎಂಜಿನ್ನು ಓಡುತ್ತಿರುವಾಗ ಪೆಟ್ಟಿಗೆಯ ಸಂಖ್ಯೆ 48ರಲ್ಲಿಯೇ ಇದ್ದಿತು. ಬ್ಯಾಟರಿಯದು ಮಾತ್ರ ಹದಿನಾಲ್ಕಿದ್ದದ್ದು ಹನ್ನೆರಡೂವರೆಗೆ ಇಳಿದಿದ್ದಿತು. ಆಲ್ಟರ್ನೇಟರು ಸೋಲತೊಡಗಿತ್ತು. ಹಿಮ ಬೀಳುವುದಕ್ಕೆ ಇನ್ನೂ ಒಂದು ವಾರವಿದ್ದಾಗಲೇ ಆತ ಅದನ್ನು ಬದಲಿಸಿದನು.